ಬಾಟಲಿಯವರು, ಮುಚ್ಚಳದವರು

ತಗಡಿನ ಮುಚ್ಚಳ ಒತ್ತುವ ಪ್ರೆಸ್ ಒಮ್ಮೆ ಇಳಿದು ಎದ್ದಿತು. ಅದರೊಳಗೆ ಕೈಹಾಕಿ ಅಚ್ಚು ಒರೆಸುತ್ತಿದ್ದವನ ಕೂಗಿಗೆ ಶೆಡ್ಡಿನ ಮಿಕ್ಕ ಯಂತ್ರಗಳೂ ಒಂದೊಂದಾಗಿ ನಿಂತವು. ಅವನ ಬಲಗೈಯಲ್ಲಿ ಬೆರಳುಗಳಿದ್ದ ಜಾಗದಿಂದ ರಕ್ತ ಚಿಮ್ಮುತ್ತಿತ್ತು.

ಸ್ವಿಚ್ಚಿನ ಬಳಿ ನಿಂತಿದ್ದ ಎಲೆಕ್ಟ್ರಿಷಿಯನ್ "ಭಾವಾ..." ಎಂದ. ಪ್ರೆಸ್ಸಿನವನು ಅವನ ಅಕ್ಕನ ಗಂಡ.

ಹೋದ ತಿಂಗಳವರೆಗೆ ಇಬ್ಬರದೂ ಬೇರೆ ಬೇರೆ ಕಾರ್ಖಾನೆ. ಎಲೆಕ್ಟ್ರಿಷಿಯನ್ ಇದ್ದದ್ದರಲ್ಲಿ ಬಾಟಲಿ, ಭಾವ ಇದ್ದ ಪಕ್ಕದ್ದರಲ್ಲಿ ಮುಚ್ಚಳ. ಎರಡೂ ಕೂಡಿದರೆ ಖರ್ಚು ಇಳಿಯುತ್ತದೆಂದು ಮಾಲೀಕರು ನಡುವಿನ ಗೋಡೆ ಒಡೆಸಿದರು. ಇಬ್ಬರಿಗೂ ಒಂದೇ ಡಬ್ಬಿಯಲ್ಲಿ ಊಟ ಕಟ್ಟಬಹುದೆಂದು ಅಕ್ಕನಿಗೂ ಖುಷಿಯಾಗಿತ್ತು. ಯಾರ ಪದ್ಧತಿ ಏನೆಂದು ಮಾತ್ರ ಯಾರೂ ಕೂತು ಮಾತಾಡಲಿಲ್ಲ. ಮುಚ್ಚಳದವರು ಯಂತ್ರದೊಳಗೆ ಕೈಹಾಕುವ ಮುಂಚೆ ಫ್ಯೂಸು ಕಿತ್ತು ಜೇಬಿಗಿಳಿಸುತ್ತಿದ್ದರು. ಬಾಟಲಿಯವರು ಸ್ವಿಚ್ಚಿನ ಪಕ್ಕ ಒಬ್ಬನನ್ನು ಕಾವಲು ನಿಲ್ಲಿಸುತ್ತಿದ್ದರು. ಅವರ ಲೆಕ್ಕದಲ್ಲಿ ಫ್ಯೂಸು ಇಲ್ಲದಿದ್ದರೆ ಅದು ಸುಟ್ಟಿದೆ, ಹೊಸದು ಹಾಕಬೇಕು, ಅಷ್ಟೇ. ಇವತ್ತು ಭಾವ ಫ್ಯೂಸು ಕಿತ್ತು ಜೇಬಿಗಿಳಿಸಿದ್ದ, ಕಾವಲಿಗೆ ಯಾರೂ ಇರಲಿಲ್ಲ. ಯಂತ್ರದ ಆಚೆ ಬದಿಗೆ ಬಗ್ಗಿದ್ದ ಭಾವ ಕಾಣಲೂ ಇಲ್ಲ. ಎಲೆಕ್ಟ್ರಿಷಿಯನ್ ಹೊಸ ಫ್ಯೂಸು ಹಾಕಿ ಸ್ವಿಚ್ಚು ಒತ್ತಿದ್ದ.

"ಬಾಟಲಿ ನನ್ಮಗ ಬೇಕಂತ್ಲೇ ಒತ್ತಿದಾನೆ ಕಣ್ರೋ!" ಮುಚ್ಚಳದವರಲ್ಲೊಬ್ಬ ಕೂಗಿದ.

ಮೊದಲ ಏಟು ಸ್ಪ್ಯಾನರಿನದು. ಎಲೆಕ್ಟ್ರಿಷಿಯನ್ನನ ಹುಬ್ಬು ಸೀಳಿತು. ಬಿದ್ದವನನ್ನು ಕಾಲು ಹಿಡಿದು ಮುಚ್ಚಳದ ರಾಶಿಯ ಮೇಲೆ ಎಳೆದರು. "ಸ್ವಂತ ಭಾವನ ಕೈನೇ ತಿಂದ್ಯಲ್ಲೋ!" ಎಂದು ಪ್ಯಾಕಿಂಗಿನ ಮುದುಕ ಪಕ್ಕೆಗೆ ಒದ್ದ. ಏದುಸಿರು ಬಿಡುತ್ತ ಮತ್ತೂ ಒದ್ದ. ಎಲೆಕ್ಟ್ರಿಷಿಯನ್ ಕೈ ಅಡ್ಡ ತರಲಿಲ್ಲ. ಯಾರೋ ಕಬ್ಬಿಣದ ಸಲಾಕೆ ಎತ್ತಿದರು.

ಅಷ್ಟರಲ್ಲಿ ಪ್ರೆಸ್ಸಿನವನು ತೆವಳಿ ಬಂದು ಭಾಮೈದನ ತಲೆಯ ಮೇಲೆ ಕವುಚಿಕೊಂಡ. ಸಲಾಕೆ ಅವನ ಭುಜ ಸವರಿ ನೆಲಕ್ಕೆ ಬಡಿಯಿತು.

"ಹೊಡೀರಿ, ನಂಗೇ ಹೊಡೀರಿ. ನಮ್ಮಲ್ಲಿ ಫ್ಯೂಸು ಕಿತ್ತು ಇಟ್ಕೋತೀವಿ ಅಂತ ಇವನಿಗೆ ನಾನು ಹೇಳಿದ್ನಾ? ನೀವ್ಯಾರಾದ್ರೂ ಹೇಳಿದ್ರಾ?"

ಸಲಾಕೆ ಹಿಡಿದವನು ಅದನ್ನು ಕೆಳಗಿಟ್ಟ.

"ಮುಖ ಏನ್ ನೋಡ್ತೀರಿ, ವ್ಯಾನ್ ತರ್ಸಿ. ಇವನಿಗೇನಾದ್ರೂ ಆದ್ರೆ ನಿಮ್ಮತ್ತಿಗೆ ನನ್ನ ಎಡಗೈನೂ ಉಳಿಸಲ್ಲ."

ಒಬ್ಬ ನಗಲು ಹೋಗಿ ಅತ್ತುಬಿಟ್ಟ.

ಇಬ್ಬರನ್ನೂ ಒಂದೇ ವ್ಯಾನಿನಲ್ಲಿ ಮಲಗಿಸಿದರು. ಬಾಗಿಲು ಹಾಕುವಷ್ಟರಲ್ಲಿ ಪ್ಯಾಕಿಂಗಿನ ಮುದುಕ ಓಡಿ ಬಂದ. ಎಳೆದಾಟದಲ್ಲಿ ಕಳಚಿದ್ದ ಎಲೆಕ್ಟ್ರಿಷಿಯನ್ನನ ಬೂಟು ಅವನ ಕೈಯಲ್ಲಿತ್ತು. ಒಳಗೆ ಸೇರಿದ್ದ ತಗಡಿನ ಚೂರುಗಳನ್ನು ಕೊಡವಿ, ಕಾಲಿಗೆ ತೊಡಿಸಿ, ಮುಖ ನೋಡದೆ ಲೇಸು ಕಟ್ಟಿದ. ಬಿಗಿಯಾಯಿತೇನೋ ಎಂದು ಬಿಚ್ಚಿ, ಸ್ವಲ್ಪ ಸಡಿಲವಾಗಿ ಮತ್ತೆ ಕಟ್ಟಿದ.