ಟ್ರೇಯಲ್ಲಿ ಕಾದ ಚೀಟಿ

೨೦೧೭ರ ಮಾರ್ಚ್ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಇಪ್ಪತ್ತೆರಡನೇ ಹಾಸಿಗೆಯ ರಕ್ತ ನಮ್ಮ ಪ್ರಯೋಗಾಲಯದ ಕಿಟಕಿಗೆ ಬಂತು. ತೆಗೆದುಕೊಂಡವನು ನಾನೇ. ನಳಿಕೆ ಇನ್ನೂ ಬೆಚ್ಚಗಿತ್ತು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದು ಬರೆದಿತ್ತು.

ನಮ್ಮ ಆಸ್ಪತ್ರೆಯಲ್ಲಿ ಆ ಪದ ಸವೆದು ವರ್ಷಗಳಾಗಿದ್ದವು. ಊಟಕ್ಕೆ ಮುಂಚೆ ವರದಿ ನೋಡಿ ಮುಗಿಸಬೇಕೆನ್ನುವ ವೈದ್ಯರು ಅದನ್ನು ಬರೆಯುತ್ತಿದ್ದರು. ಗುಣವಾಗಿ ಮನೆಗೆ ಹೊರಟವರ ಚೀಟಿಯ ಮೇಲೂ ಅದೇ ಇರುತ್ತಿತ್ತು. ನೂರಕ್ಕೆ ಎಂಬತ್ತು ತುರ್ತಾದರೆ ಯಾವುದನ್ನು ಮೊದಲು ಮಾಡುವುದು? ಹಾಗಾಗಿ ನಾವೇ ಒಂದು ರೂಢಿ ಮಾಡಿಕೊಂಡಿದ್ದೆವು: ಬರೆದದ್ದು ಟ್ರೇಗೆ, ಫೋನ್ ಬಂದದ್ದು ಯಂತ್ರಕ್ಕೆ. ಜೀವದ ಪ್ರಶ್ನೆಯಾದರೆ ವಾರ್ಡಿನವರು ಫೋನ್ ಮಾಡಿಯೇ ಮಾಡುತ್ತಾರೆ. ಇದನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಈ ಚೀಟಿ ಬರೆದ ನರ್ಸ್ ಕೆಲಸಕ್ಕೆ ಸೇರಿ ಆರೇ ದಿನವಾಗಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ.

ಫೋನ್ ಬರಲಿಲ್ಲ. ಟ್ರೇಯಲ್ಲಿ ಮೂವತ್ತು ನಳಿಕೆಗಳಿದ್ದವು, ಇದು ಮೂವತ್ತೊಂದನೆಯದಾಯಿತು. ಅದರ ಸರದಿ ಬಂದಾಗ ಹನ್ನೆರಡು ಐವತ್ತೆರಡು. ಪೊಟ್ಯಾಸಿಯಂ ಹೃದಯ ನಿಂತುಹೋಗುವಷ್ಟು ಏರಿತ್ತು. ನಾನೇ ವಾರ್ಡಿಗೆ ಫೋನ್ ಮಾಡಿದೆ. ಇಪ್ಪತ್ತೆರಡನೇ ಹಾಸಿಗೆಯ ಹೆಂಗಸು ತೀರಿಕೊಂಡು ಅರ್ಧ ಗಂಟೆಯಾಗಿತ್ತು.

ಸ್ವಲ್ಪ ಹೊತ್ತಿಗೆ ನರ್ಸ್ ಇಳಿದು ಬಂದು ಕಿಟಕಿಯಾಚೆ ನಿಂತಳು.

“ಅಣ್ಣಾ, ನನ್ನ ಚೀಟಿ ನೋಡಿದ್ರಾ?”

“ನೋಡ್ದೆ.”

“ಓದಿದ್ರಾ?”

“ನೀನು ಒಂದು ಫೋನ್ ಮಾಡ್ಬೇಕಿತ್ತಮ್ಮಾ.”

“ಬರ್ದಿದ್ನಲ್ಲಾ. ಅದಕ್ಕಿಂತ ಇನ್ನೇನು ಬರೀಬೇಕಿತ್ತು, ಹೇಳಿ.”



ಅಂದಿನಿಂದ ಮುಟ್ಟಿದ ನಳಿಕೆಗಳೆಲ್ಲ ಬೆಚ್ಚಗಿರತೊಡಗಿದವು. ಹಿಂದಿನ ದಿನ ತಂಪುಪೆಟ್ಟಿಗೆಯಲ್ಲಿಟ್ಟದ್ದನ್ನು ತೆಗೆದರೂ ಆಗಷ್ಟೇ ಯಾರದೋ ಮೈಯಿಂದ ಬಂದಂತಿರುತ್ತಿತ್ತು. ಥರ್ಮಾಮೀಟರ್ ನಾಲ್ಕು ಡಿಗ್ರಿ ಎನ್ನುತ್ತಿತ್ತು, ನನ್ನ ಬೆರಳು ಒಪ್ಪುತ್ತಿರಲಿಲ್ಲ. ನಾನು ಆ ಹೆಂಗಸಿನ ಮುಖ ಕಂಡವನಲ್ಲ. ಕಿಟಕಿಯಾಚೆ ಯಾರು ಬಂದು ನಿಂತರೂ ಅವಳೇ ತನ್ನ ಸರದಿಯ ಕೂಗಿಗಾಗಿ ಕಾಯುತ್ತಿದ್ದಾಳೆ ಅನ್ನಿಸುತ್ತಿತ್ತು.

ಗುರುವಾರ ನಮ್ಮ ಮುಖ್ಯಸ್ಥರು ವಿಚಾರಣೆಯ ನಮೂನೆ ತಂದು ಮುಂದಿಟ್ಟರು.

“ರಕ್ತ ತೆಗೆದದ್ದೇ ಸರಿಯಿರಲಿಲ್ಲ, ಎರಡು ಸಲ ಪರೀಕ್ಷೆ ಮಾಡ್ಬೇಕಾಯ್ತು ಅಂತ ಬರಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಸಾರ್, ಹಾಗೆ ಬರೆದ್ರೆ ರಕ್ತ ತೆಗೆದ ಆ ನರ್ಸ್ ಹುಡುಗಿ ಕೆಲಸ ಹೋಗುತ್ತೆ.”

“ಅವಳು ಹೊಸಬಳು, ಇನ್ನೊಂದು ಕಡೆ ಸಿಗುತ್ತೆ. ನಿನಗೆ ಈ ವಯಸ್ಸಲ್ಲಿ ಯಾರಪ್ಪಾ ಕೊಡ್ತಾರೆ? ನಾಳೆ ಬೆಳಿಗ್ಗೆ ನನ್ನ ಮೇಜಿನ ಮೇಲಿರ್ಲಿ.”

ಸಂಜೆ ಮಗಳು ಪುಸ್ತಕ ಹಿಡಿದು ನನ್ನ ಕುರ್ಚಿಗೆ ಒರಗಿದಳು. ಹತ್ತು ಪದಗಳಿಗೆ ಸ್ವಂತ ವಾಕ್ಯ ಬರೆಯಬೇಕಿತ್ತು. ಆರನೆಯದು ‘ತುರ್ತು’.

“ಅಪ್ಪಾ, ‘ನನಗೆ ತುರ್ತಾಗಿ ಐಸ್‌ಕ್ರೀಮ್ ಬೇಕು’ ಅಂತ ಬರೀಲಾ?”

“ಬೆನ್ನಿಗೆ ತುರ್ತಾಗಿ ಬೀಳುತ್ತೆ ನೋಡು,” ಅಡುಗೆಮನೆಯಿಂದ ಅವಳಮ್ಮ ಕೂಗಿದಳು.

ಮಗಳು ನಕ್ಕು ಬರೆದಳು. ಆಮೇಲೆ ಪೆನ್ಸಿಲ್ ಕಚ್ಚುತ್ತಾ ಕೂತಳು.

“ಇದು ತಪ್ಪು ಅಪ್ಪಾ. ಕಾಯೋಕೇ ಆಗಲ್ಲ ಅನ್ನೋದಕ್ಕೆ ಮಾತ್ರ ಹಾಕ್ಬೇಕಂತೆ, ಟೀಚರ್ ಹೇಳಿದ್ರು. ಐಸ್‌ಕ್ರೀಮಿಗೆ ಕಾಯಬಹುದಲ್ವಾ?”

ಅವಳು ಆ ಸಾಲನ್ನು ಅಳಿಸಿದಳು. ರಬ್ಬರ್ ಕಾಗದಕ್ಕೆ ಉಜ್ಜುವ ಸದ್ದನ್ನು ಕೇಳುತ್ತಾ ಕುಳಿತೆ. ಒಂಬತ್ತು ವರ್ಷದವಳಿಗೆ ಒಂದು ಪದದ ಬಗ್ಗೆ ಇದ್ದ ಎಚ್ಚರ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ, ಆ ನರ್ಸ್ ಒಬ್ಬಳನ್ನು ಬಿಟ್ಟು.

ಮರುದಿನ ‘ವಿಳಂಬಕ್ಕೆ ಕಾರಣ’ ಎಂಬಲ್ಲಿ ಬರೆದೆ: ರಕ್ತ ತೆಗೆದದ್ದು ಸರಿಯಾಗಿತ್ತು. ಚೀಟಿಯಲ್ಲಿ ತುರ್ತು ಎಂದು ಸ್ಪಷ್ಟವಾಗಿತ್ತು. ನಾನು ಅದನ್ನು ಓದಿ ಟ್ರೇಯಲ್ಲಿಟ್ಟೆ.

ಮುಖ್ಯಸ್ಥರು ಓದಿ ಕನ್ನಡಕ ತೆಗೆದರು. “ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ಕೊಂಡ್ಯಲ್ಲೋ ಮಾರಾಯಾ.”

“ಹೌದು ಸಾರ್.”

ನಮೂನೆಯ ಕೊನೆಯಲ್ಲಿ ಸ್ಥಳದ ನಕ್ಷೆಗೆ ಜಾಗ ಬಿಟ್ಟಿದ್ದರು. ಅಳತೆಪಟ್ಟಿ ಹಿಡಿದು ಟ್ರೇಯಿಂದ ಯಂತ್ರದವರೆಗೆ ಎರಡು ಸಲ ಅಳೆದೆ. ಎರಡು ಮೀಟರ್ ಮೂವತ್ತಾರು ಸೆಂಟಿಮೀಟರ್.