ಎರಡನೇ ಬ್ರೇಕು

ಗುಜರಿಯವನು ಹತ್ತು ಗಂಟೆಗೆ ಬರ್ತೀನಿ ಅಂದಿದ್ದ. ಮೇಷ್ಟ್ರು ತಿಂಡಿಯನ್ನೂ ಸರಿಯಾಗಿ ತಿನ್ನದೆ ಬಕೆಟ್ಟು, ಬಟ್ಟೆ ಹಿಡಿದು ಕಾರು ತೊಳೆಯೋಕೆ ನಿಂತುಬಿಟ್ಟಿದ್ದರು. ಇವತ್ತು ಪುಡಿಯಾಗೋ ಗಾಡಿಗೆ ಸ್ನಾನ ಬೇರೆ ಕೇಡು ಅಂತ ಎದುರು ಮನೆಯವರು ನಕ್ಕಿದ್ದಕ್ಕೆ, ಕೊಳಕಾಗಿ ಕಳಿಸಿದರೆ ಮರ್ಯಾದೆ ಹೋಗೋದು ಗಾಡಿದಲ್ಲ, ನಮ್ಮದು ಅಂತ ಉತ್ತರ ಕೊಟ್ಟಿದ್ದರು. ಒಳಗೆ, ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವರ ಹೆಂಡತಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಒಂದೇ ಪರದೆಯ ಅಂಚನ್ನು ಹೊಲಿಯೋದು, ಬಿಚ್ಚೋದು, ಮತ್ತೆ ಹೊಲಿಯೋದು ಮಾಡುತ್ತಿದ್ದಳು. ಅವಳ ಕೈ ಹಾಗೆ ತಪ್ಪಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ಡ್ರೈವಿಂಗ್ ಕಲಿಸುತ್ತಿದ್ದವರು. ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವರ ಬಾಯಲ್ಲಿ ಬೈಸಿಕೊಂಡು ಕಲಿತವರೇ. ಕಲಿಸಿದ್ದೆಲ್ಲ ಈ ಒಂದೇ ಕಾರಲ್ಲಿ. ಕಲಿಯೋರ ಗಾಡಿ ಯಾವತ್ತಾದರೂ ಜೋರಾಗಿ ಹೋಗುತ್ತದೆಯೇ? ಬೀದಿ ಮಕ್ಕಳು ಅದಕ್ಕೆ 'ಆಮೆ' ಅಂತ ಹೆಸರಿಟ್ಟಿದ್ದರು, ಹೆಸರು ಹಾಗೇ ಅಂಟಿಕೊಂಡಿತು. ಹಗಲೆಲ್ಲ ಊರವರಿಗೆ ಪಾಠ, ಸಂಜೆ ಮನೆಯವರಿಗೆ ಸವಾರಿ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಬಂದದ್ದು ಆಮೆಯಲ್ಲೇ, ಮೊಮ್ಮಗಳು ಪುಟ್ಟಿ ಬಂದದ್ದೂ ಆಮೆಯಲ್ಲೇ.

ಕಲಿಸುವವರ ಕಾರಲ್ಲಿ ಒಂದು ವಿಶೇಷ ಇರುತ್ತದೆ. ಪಕ್ಕದ ಸೀಟಿನ ಕಾಲ ಹತ್ತಿರವೂ ಒಂದು ಬ್ರೇಕು. ಕಲಿಯುವವನು ಗಾಬರಿಬಿದ್ದು ಗೋಡೆಗೆ ನುಗ್ಗಿಸೋಕೆ ಹೊರಟರೆ, ಕಲಿಸುವವನು ಅದನ್ನು ಒತ್ತಿ ಗಾಡಿ ನಿಲ್ಲಿಸಬೇಕು. ವಯಸ್ಸಾಯ್ತು ಅಂತ ಮೇಷ್ಟ್ರು ಪಾಠ ನಿಲ್ಲಿಸಿದಾಗ ಕಾರಿನ ತಲೆ ಮೇಲಿದ್ದ ಬೋರ್ಡನ್ನು ಬಿಚ್ಚಿದರು, ಈ ಬ್ರೇಕನ್ನು ಬಿಚ್ಚಲಿಲ್ಲ. ಇರಲಿ ಬಿಡು, ಅನ್ನ ಹಾಕಿದ ಬ್ರೇಕು ಅಂದರು. ಅದರ ಪೆಡಲಿಗೆ ಹೊಸ ರಬ್ಬರ್ ಹಾಕಿಸಿದ್ದು ಕೂಡ ಆಗಷ್ಟೇ. ಆ ಸೀಟಲ್ಲಿ ಈಗ ಹೆಂಡತಿ ಕೂರತೊಡಗಿದಳು, ಹೊಲಿದ ಬಟ್ಟೆಗಳ ಗಂಟನ್ನು ತೊಡೆ ಮೇಲಿಟ್ಟುಕೊಂಡು, ಗಿರಾಕಿಗಳ ಮನೆಗೆ ಕೊಟ್ಟು ಬರೋಕೆ. ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕಲಿಸೋಕೆ ಹೋಗಿದ್ದರು. ಮೊದಲ ಪಾಠದಲ್ಲೇ ಇಬ್ಬರಿಗೂ ಮಾತು ನಿಂತುಹೋಗಿ, ಎರಡನೇ ಪಾಠಕ್ಕೆ ಇಬ್ಬರೂ ಹತ್ತಲಿಲ್ಲ. ಆದರೆ ಕಾಲು ಮಾತ್ರ ಅವಳದು ಬಲು ಚುರುಕು. ಇಡೀ ಬದುಕು ಹೊಲಿಗೆ ಯಂತ್ರ ತುಳಿದ ಕಾಲು. ಸೂಜಿ ಬೆರಳಿಗೆ ತಾಕುವ ಮೊದಲೇ ನಿಲ್ಲಿಸಿ ಗೊತ್ತಿದ್ದ ಕಾಲು.

ಅಲ್ಲೇ ಬಂತು ನೋಡಿ ಎಡವಟ್ಟು.

ಹೋದ ವರ್ಷ ಒಂದು ದಿನ, ಮಾರುಕಟ್ಟೆ ತಿರುವಿನಲ್ಲಿ ಒಬ್ಬ ಸೈಕಲ್‌ನವನು ಅಡ್ಡ ಬಂದ. ಅವಳಿಗೆ ಕಂಡ. ಮೇಷ್ಟ್ರಿಗೂ ಕಂಡಿರುತ್ತಾನೆ ಅಂದುಕೊಂಡಳು. ಗಾಡಿ ನಿಧಾನವಾಗಲೇ ಇಲ್ಲ. ಅವಳ ಕಾಲು ಅವಳನ್ನೂ ಕೇಳದೆ ಎರಡನೇ ಬ್ರೇಕನ್ನು ಒತ್ತಿಬಿಟ್ಟಿತು. ಆಮೆ ಗಕ್ಕನೆ ನಿಂತಿತು, ಸೈಕಲ್‌ನವನು ತನ್ನ ಪಾಡಿಗೆ ಹೋದ. ಮೇಷ್ಟ್ರು ರಸ್ತೆ ನೋಡಲಿಲ್ಲ, ತಮ್ಮ ಕಾಲ ಕೆಳಗೆ ನೋಡಿಕೊಂಡರು. ಏನಾಯ್ತೇ ಇದಕ್ಕೆ, ತಾನಾಗೇ ಬ್ರೇಕ್ ಹಿಡಿದುಕೊಳ್ತಲ್ಲ ಅಂದರು.

ಆಗಲೇ ಹೇಳಬೇಕಿತ್ತು. ರೀ, ನಾನು ಒತ್ತಿದ್ದು, ಸೈಕಲ್ ಬಂತು, ನಿಮಗೆ ಕಾಣಲಿಲ್ಲ. ಅಷ್ಟೇ ತಾನೇ? ಆದರೆ ಅವಳು ಅವರ ಮುಖ ನೋಡಿದಳು. ಒಂದು ದಿನವೂ ಯಾರಿಗೂ ಗಾಡಿ ತಾಗಿಸದ ಮನುಷ್ಯ. 'ಕಣ್ಣು ಹೇಳಬೇಕು, ಕಾಲು ಕೇಳಬೇಕು' ಅಂತ ಶಿಷ್ಯರ ತಲೆಗೆ ಬಡಿದು ಬಡಿದು ಕಲಿಸಿದ ಮನುಷ್ಯ. ಪಾಠ ನಿಲ್ಲಿಸಿದ ಮೇಲೆ ಒಂದಷ್ಟು ದಿನ ಕುರ್ಚಿ ಬಿಟ್ಟು ಏಳದೆ ಕೂತಿದ್ದು, ಆಮೆಯನ್ನು ಹೊರಗೆ ತೆಗೆದಾಗಷ್ಟೇ ಜೀವ ಬಂದವರ ಹಾಗೆ ಆಡಿದ್ದು, ಎಲ್ಲ ಅವಳ ಕಣ್ಣ ಮುಂದೆ ಬಂತು. ಬಾಯಿಗೆ ಸಿಕ್ಕಿದ್ದನ್ನು ಅಂದುಬಿಟ್ಟಳು.

"ಹಳೇ ಗಾಡಿ ಅಲ್ವಾ."

ಆ ಒಂದು ಮಾತು ಸಾಕಾಯಿತು. ಆಮೇಲೆ ಆಸ್ಪತ್ರೆಯ ಮುಂದೆ ಒಮ್ಮೆ, ಸೇತುವೆ ಇಳಿಯುವಾಗ ಒಮ್ಮೆ, ಹೀಗೆ ನಡೆಯುತ್ತಲೇ ಹೋಯಿತು. ಪ್ರತಿ ಸಲವೂ ಬಟ್ಟೆ ಗಂಟಿನ ಮರೆಯಲ್ಲಿ ಅವಳ ಕಾಲು, ಪ್ರತಿ ಸಲವೂ ಬೈಗುಳ ಆಮೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಒಂದು ದಿನ ಶಾಲೆಯ ಹಿಂದಿನ ರಸ್ತೆಯಲ್ಲಿ ಗಾಡಿ ನಿಂತಾಗ ಮೇಷ್ಟ್ರು ಸಿಟ್ಟಿನಿಂದ ಡ್ಯಾಶ್‌ಬೋರ್ಡಿಗೆ ಫಟ್ ಅಂತ ಹೊಡೆದರು. ಮಗಳಿಗೂ ಕೈ ಎತ್ತದವರು. ಆ ಏಟು ಅವಳ ಕೆನ್ನೆಗೇ ಬಿದ್ದ ಹಾಗಾಯಿತು. ಯಾವುದೋ ಭೂತ ಕೂತಿದೆ ಈ ಬ್ರೇಕಿನ ಮೇಲೆ ಅಂತ ಅವರು ಗೊಣಗಿದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಇವಳು ಮೆಲ್ಲಗೆ ಕಾಲು ಒಳಗೆಳೆದುಕೊಂಡಳು.

ಗಾಡಿ ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ನಡುವೆ ಮೆಕ್ಯಾನಿಕ್ ಸಿಕ್ಕಿಬಿದ್ದ. ಬೀದಿಯ ಕೊನೆಯಲ್ಲಿ, ರಸ್ತೆಯಾಚೆ ಅವನ ಗ್ಯಾರೇಜು. ಅವನೂ ಮೇಷ್ಟ್ರ ಶಿಷ್ಯನೇ, ಇವಳನ್ನು ಅಕ್ಕ ಅಂತ ಕರೆಯುವವನು. ಮೇಷ್ಟ್ರು ಕಾರನ್ನು ಅಲ್ಲಿಗೆ ಮತ್ತೆ ಮತ್ತೆ ಒಯ್ದರು. ಅವನು ಚಕ್ರ ಬಿಚ್ಚಿ ನೋಡಿದ, ಓಡಿಸಿ ನೋಡಿದ, ಬ್ರೇಕಲ್ಲಿ ಏನೂ ದೋಷ ಇಲ್ಲ ಮೇಷ್ಟ್ರೇ ಅಂದ. ಇರುವ ದೋಷ ಕಾಣಿಸದವನು ಅಂಗಡಿ ಯಾಕೆ ತೆರೆದೆ ಅಂತ ನಾಲ್ಕು ಜನ ಗಿರಾಕಿಗಳ ಎದುರೇ ಮೇಷ್ಟ್ರು ಅವನ ಮಾನ ತೆಗೆದರು. ಇವಳು ಪಕ್ಕದಲ್ಲೇ ನಿಂತಿದ್ದಳು. ಅವನು ಒಂದು ಸಲ ಇವಳ ಕಡೆ ನೋಡಿದ, ಅಕ್ಕ ಏನಾದರೂ ಹೇಳಲಿ ಅನ್ನೋ ಹಾಗೆ. ಇವಳು ಗಂಟಿನ ದಾರ ಬಿಗಿ ಮಾಡುತ್ತಾ ತಲೆ ತಗ್ಗಿಸಿದಳು. ಅವತ್ತಿನಿಂದ ಆ ಕಡೆಯ ಮಾತುಕತೆ ಬಂದ್.

ಕೊನೆಗೆ ಮೇಷ್ಟ್ರು ಆಮೆಯನ್ನು ಕೊಟ್ಟುಬಿಡೋಣ ಅಂದಾಗ ಇವಳಿಗೆ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಸದ್ಯ ಅನ್ನಿಸಿತು. ಗಾಡಿ ಹೋದರೆ ಓಡಿಸೋದೂ ಹೋಯಿತು, ಸತ್ಯ ಹೇಳುವ ಗೋಜೂ ತಪ್ಪಿತು. ತಗೊಳ್ಳೋಕೆ ಒಂದಿಬ್ಬರು ಮುಂದೆ ಬಂದರು. ಮೇಷ್ಟ್ರು ಕೊಡಲಿಲ್ಲ. ಬ್ರೇಕು ನಂಬೋಕಾಗದ ಗಾಡಿಯನ್ನು ಇನ್ನೊಬ್ಬರ ಮಕ್ಕಳು ಮರಿ ಕೂರೋಕೆ ಕೊಟ್ಟರೆ ಒಳ್ಳೇದಾಗುತ್ತಾ, ಗುಜರಿಗೇ ಹೋಗಲಿ ಅಂದರು. ಗಟ್ಟಿಮುಟ್ಟಾದ ಗಾಡಿ, ತನ್ನ ಒಂದು ಸುಳ್ಳಿಗೆ ಚಪ್ಪಟೆಯಾಗೋಕೆ ಹೊರಟಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳಿಗೆ, ನುಂಗೋಕೂ ಆಗದು, ಉಗುಳೋಕೂ ಆಗದು.

ಅದನ್ನೂ ನುಂಗುತ್ತಿದ್ದಳು. ಆದರೆ ನಿನ್ನೆ ಊಟಕ್ಕೆ ಕೂತಾಗ ಮೇಷ್ಟ್ರು ಖುಷಿಯಿಂದ ಸುದ್ದಿ ಬಿಚ್ಚಿದರು. ಹೊಸ ಕಾರಿಗೆ ಹೇಳಿ ಆಗಿದೆ, ನಾಡಿದ್ದು ಬರುತ್ತದೆ. ಮಗಳಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ ಬಿದ್ದಿದೆಯಲ್ಲ, ಪುಟ್ಟಿಯನ್ನು ದಿನಾ ಶಾಲೆಗೆ ಬಿಡೋದು ಇನ್ನು ಅಜ್ಜನ ಕೆಲಸ. ಬೆಳಿಗ್ಗೆ ನಿನಗೆ ಹೊಲಿಗೆ ಇರುತ್ತೆ, ನೀನು ಬರೋದು ಬೇಡ, ನಾವಿಬ್ಬರೇ ಹೋಗಿ ಬರ್ತೀವಿ. ಅವಳು ತುತ್ತು ಕೆಳಗಿಟ್ಟಳು. ಆ ಕಾರಿಗೂ ಪಕ್ಕದಲ್ಲೊಂದು ಬ್ರೇಕು ಹಾಕಿಸಬಹುದಾ ಅಂತ ಕೇಳಿದಳು. ಯಾಕೇ, ಈ ವಯಸ್ಸಲ್ಲಿ ಡ್ರೈವಿಂಗ್ ಸ್ಕೂಲ್ ತೆಗೀತೀಯಾ ಅಂತ ಮೇಷ್ಟ್ರು ತಟ್ಟೆ ಅಲುಗುವಷ್ಟು ನಕ್ಕರು. ಅವಳೂ ನಕ್ಕಳು. ಅಷ್ಟು ಕೆಟ್ಟ ನಗು ಅವಳು ಜನ್ಮದಲ್ಲಿ ನಕ್ಕಿರಲಿಲ್ಲ.

ಈಗ ಮೇಷ್ಟ್ರು ಒದ್ದೆ ಕೈಯಲ್ಲೇ ಒಳಗೆ ಬಂದು, ಒಳಗಡೆ ಒರೆಸೋಕೆ ಹಳೇ ಬಟ್ಟೆ ಇದ್ದರೆ ಕೊಡು ಅಂದರು. ಅವಳು ಚೂರು ಬಟ್ಟೆಗಳ ಡಬ್ಬಿಗೆ ಕೈ ಹಾಕಿದಳು. ಮೆತ್ತನೆಯದೊಂದು ತೆಗೆದು ಕೊಟ್ಟಳು. ಅವರು ಅದನ್ನು ಹಿಡಿದುಕೊಂಡರು, ಇವಳು ಬಿಡಲಿಲ್ಲ. ಇಬ್ಬರ ಕೈಯಲ್ಲೂ ಬಟ್ಟೆ.

"ರೀ, ಬ್ರೇಕ್ ಕೆಟ್ಟಿಲ್ಲ," ಅಂದಳು. "ಅಷ್ಟೂ ಸಲ ಒತ್ತಿದ್ದು ನಾನು."

ಮೇಷ್ಟ್ರು ಮೊದಲು ನಕ್ಕರು. ನಿನಗೆಲ್ಲಿ ಗಾಡಿ ವಿಷಯ ಗೊತ್ತು ಅನ್ನೋ ಅದೇ ಹಳೇ ನಗು. ಆಮೇಲೆ ಅವಳ ಮುಖ ನೋಡಿದರು. ಬಟ್ಟೆ ಸಮೇತ ಹೊರಗೆ ಹೋದರು. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಪಕ್ಕದ ಸೀಟಿನ ಬಾಗಿಲು ತೆರೆದು, ನೆಲಕ್ಕೆ ಮೊಣಕಾಲೂರಿ, ಆ ಬ್ರೇಕಿನ ಮೇಲೆ ಬೆರಳಾಡಿಸಿದರು. ಹೊಸದಾಗಿ ಹಾಕಿಸಿ, ಆಮೇಲೆ ಯಾರೂ ಮುಟ್ಟದೆ ಇದ್ದಿರಬೇಕಾದ ರಬ್ಬರು. ಗೆರೆಗಳೆಲ್ಲ ಸವೆದು ನುಣ್ಣಗಾಗಿತ್ತು. ಬಹಳ ಹೊತ್ತು ಬೆರಳು ಅಲ್ಲೇ ಇಟ್ಟುಕೊಂಡಿದ್ದರು.

ಒಳಗೆ ಬಂದು ಅವಳೆದುರು ಸ್ಟೂಲಿನ ಮೇಲೆ ಕೂತರು. ಶಿಷ್ಯರ ಪರೀಕ್ಷೆ ಮಾಡುವಾಗಿನ ದನಿಯಲ್ಲಿ ಕೇಳಿದರು.

"ಮಾರ್ಕೆಟ್ ತಿರುವಲ್ಲಿ ಏನಿತ್ತು?"

"ಸೈಕಲ್. ಹಿಂದೆ ಸಿಲಿಂಡರ್ ಕಟ್ಕೊಂಡಿದ್ದ."

"ಆಸ್ಪತ್ರೆ ಹತ್ರ?"

"ಯಾರೋ ವಯಸ್ಸಾದೋರು. ಕೋಲೂರ್ಕೊಂಡು ದಾಟ್ತಿದ್ರು."

ಸೇತುವೆಯದನ್ನು ಅವರು ಕೇಳಲಿಲ್ಲ. ತಾವು ಡ್ಯಾಶ್‌ಬೋರ್ಡಿಗೆ ಹೊಡೆದ ದಿನದ್ದು ಕೇಳಿದರು. ಅಂಗೈಯನ್ನು ನೋಡಿಕೊಳ್ಳುತ್ತಾ ಕೇಳಿದರು.

"ಸ್ಕೂಲ್ ಹಿಂದೆ?"

ಅವಳು ಹೊಲಿಗೆ ಯಂತ್ರದ ಚಕ್ರ ಹಿಡಿದುಕೊಂಡಳು. "ಒಂದು ಮಗು. ರಸ್ತೆಯಲ್ಲೇ ಕೂತು ಶೂ ಲೇಸ್ ಕಟ್ಕೋತಿತ್ತು."

"ಎಷ್ಟು ದೊಡ್ಡದು?"

"ನಮ್ಮ ಪುಟ್ಟಿಯಷ್ಟು."

ಅವಳು ಅಳುತ್ತಾ ಎಲ್ಲ ಹೇಳಿಕೊಂಡಳು. ನಿಮ್ಮ ಮನಸ್ಸು ನೋಯಬಾರದು ಅಂತ, ನೀವು ಮತ್ತೆ ಕುರ್ಚಿ ಹಿಡಿದು ಕೂತುಬಿಡ್ತೀರಿ ಅಂತ, ನಾನು ಪಕ್ಕದಲ್ಲಿ ಇರ್ತೀನಲ್ಲ ಅಂತ. ಬಯ್ಯಲಿ, ಒಂದು ವಾರ ಮಾತು ಬಿಡಲಿ, ಅದಕ್ಕೆಲ್ಲ ತಯಾರಾಗಿದ್ದಳು. ಕಣ್ಣು ಹೋಗಿದ್ದಕ್ಕೆ ಅವರು ಕುಗ್ಗಿಹೋದರೆ ಅದಕ್ಕೂ ತಯಾರಾಗಿದ್ದಳು. ಅವರು ಅದ್ಯಾವುದರ ಬಗ್ಗೆಯೂ ಮಾತಾಡಲಿಲ್ಲ.

"ಒಂದು ದಿನ ನಿನ್ನ ಕಾಲು ತಡ ಆಗಿದ್ರೆ?" ಅಂದರು. "ಆ ಮಗುವಿನ ಮನೆಯವರಿಗೆ ಏನ್ ಹೇಳ್ತಿದ್ದೆ? ಹಳೇ ಗಾಡಿ ಅಂತಾನಾ?"

ಅವಳ ಅಳು ಅಲ್ಲೇ ನಿಂತುಹೋಯಿತು. ಇಷ್ಟು ದಿನ ಅವಳು ಆಮೆಗಾಗಿ ಮರುಗಿದ್ದಳು, ಮೆಕ್ಯಾನಿಕ್‌ಗಾಗಿ ಮರುಗಿದ್ದಳು, ಗಂಡನ ಮಾನಕ್ಕಾಗಿ ಒದ್ದಾಡಿದ್ದಳು. ರಸ್ತೆಯಲ್ಲಿ ಕೂತಿದ್ದ ಆ ಮಗುವಿನ ಮುಂದೆ ತಾನು ನಿಲ್ಲಬೇಕಾಗುತ್ತದೆ ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಗಂಡನ ಮುಖ ಬಾಡಬಾರದು ಅಂತ ಊರವರ ಮಕ್ಕಳನ್ನು ತನ್ನ ಒಂದು ಕಾಲಿನ ಮೇಲೆ ನಿಲ್ಲಿಸಿದ್ದಳು.

ಅಷ್ಟರಲ್ಲಿ ಹೊರಗೆ ಲಾರಿ ನಿಂತ ಸದ್ದಾಯಿತು. ಗುಜರಿಯವನು ಕೊಕ್ಕೆ, ಸರಪಳಿ ಸಮೇತ ಇಳಿದಿದ್ದ. ಮೇಷ್ಟ್ರು ಹೊರಗೆ ಹೋಗಿ ಅವನಿಗೆ, ಗಾಡಿ ಸರಿಯಾಗಿದೆಯಪ್ಪಾ, ಕೆಟ್ಟಿರೋದು ಓಡಿಸೋನು, ನೀನು ಮನುಷ್ಯರನ್ನ ತಗೊಳ್ಳಲ್ಲ ತಾನೇ ಅಂದರು. ಬೆಳಿಗ್ಗೆ ಬೆಳಿಗ್ಗೆ ಎಂಥ ಗಿರಾಕಿ ಸಿಕ್ಕಿದರಪ್ಪಾ ಅಂತ ಅವನು ಗೊಣಗುತ್ತಾ ಸರಪಳಿ ಸುತ್ತಿಕೊಂಡು ಹೋದ.

ಮೇಷ್ಟ್ರು ಕೊನೆಯ ಸಲ ಸ್ಟೀರಿಂಗಿನ ಹಿಂದೆ ಕೂತರು. ಗಾಡಿ ಶುರು ಮಾಡಲಿಲ್ಲ. ಹಳೇ ಬಟ್ಟೆಯಿಂದ ಡ್ಯಾಶ್‌ಬೋರ್ಡು ಒರೆಸಿದರು, ಹೊಡೆದ ಜಾಗದಲ್ಲಿ ಅಂಗೈ ಇಟ್ಟರು.

"ತಪ್ಪು ನಿಂದಲ್ಲ ಕಣೇ," ಅಂದರು ಆಮೆಗೆ.

ಬಾಗಿಲ ಹತ್ತಿರ ನಿಂತಿದ್ದ ಅವಳು ಕಾದಳು. ತನಗೂ ಒಂದು ಮಾತು ಹಾಗಂದಾರು ಅಂತ ಆಸೆ. ಅವರು ಅನ್ನಲಿಲ್ಲ. ಅನ್ನಬಾರದು ಅಂತ ಅವಳಿಗೂ ಗೊತ್ತಿತ್ತು. ಹೊಸ ಕಾರಿನವರಿಗೆ ಫೋನ್ ಮಾಡಿ ಬೇಡ ಅನ್ನು, ಮಗಳಿಗೂ ಹೇಳು, ಪುಟ್ಟಿಯನ್ನ ನಾವಿಬ್ಬರೂ ನಡೆಸಿಕೊಂಡು ಹೋಗೋಣ ಅಂದರು. ಆಮೇಲೆ ಬೀಗದ ಕೈ ಕಿತ್ತು ಮುಷ್ಟಿಯಲ್ಲಿ ಹಿಡಿದು ಕೆಳಗಿಳಿದರು. ಗಾಡಿ ಮೆಕ್ಯಾನಿಕ್ ಇಟ್ಟುಕೊಳ್ಳಲಿ, ಅವನಾದರೂ ಅದರ ಬೆಲೆ ಬಲ್ಲ ಅಂದರು.

"ನೀನೂ ಬಾ," ಅಂದರು. "ಅವನ ಕಾಲು ಹಿಡಿಯೋದಿದ್ರೆ ನಾನು ಹಿಡೀತೀನಿ. ನಡೆದದ್ದು ಮಾತ್ರ ನೀನೇ ಹೇಳ್ಬೇಕು."

ಇಬ್ಬರೂ ಬೀದಿಯ ಕೊನೆಗೆ ನಡೆದರು, ಒಬ್ಬರಿಗೊಬ್ಬರು ತಾಗದಷ್ಟು ದೂರದಲ್ಲಿ. ಗ್ಯಾರೇಜು ರಸ್ತೆಯಾಚೆ. ಮೆಕ್ಯಾನಿಕ್ ಯಾವುದೋ ಗಾಡಿಯ ಬಾನೆಟ್ ಒಳಗೆ ಬಗ್ಗಿದ್ದ, ಇವರನ್ನು ಇನ್ನೂ ನೋಡಿರಲಿಲ್ಲ. ಮೇಷ್ಟ್ರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮತ್ತೆ ಬಲಕ್ಕೆ ನೋಡಿದರು, ಶಿಷ್ಯರಿಗೆ ಕಲಿಸಿದ ಹಾಗೆಯೇ, ಕ್ರಮ ತಪ್ಪದೆ. ನೋಡಿ, ರಸ್ತೆಗೆ ಕಾಲಿಟ್ಟರು.

ಬಲಗಡೆಯಿಂದ ಒಂದು ಸ್ಕೂಟರ್ ಬರುತ್ತಿತ್ತು. ಅವಳ ಕಾಲು ಅಭ್ಯಾಸದಂತೆ ನೆಲವನ್ನು ಒತ್ತಿತು. ನೆಲದಲ್ಲಿ ಬ್ರೇಕು ಎಲ್ಲಿಂದ ಬರಬೇಕು?

"ನಿಲ್ಲಿ," ಅಂದಳು. "ಸ್ಕೂಟರ್ ಬರ್ತಿದೆ."

ಮೇಷ್ಟ್ರು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಇಷ್ಟೇ ಮಾತು, ಒಂದು ವರ್ಷದಿಂದ ಅವಳ ನಾಲಿಗೆ ಮೇಲೆ ಬಾರದೆ ಹೋದದ್ದು. ಸ್ಕೂಟರ್ ಅವರ ಮುಂದೆಯೇ ಹಾದು ಮಾರುಕಟ್ಟೆಯ ಕಡೆ ಹೋಯಿತು. ಮೇಷ್ಟ್ರು ಕದಲದೆ ಅಲ್ಲೇ ನಿಂತಿದ್ದರು, ಬೀಗದ ಕೈ ಹಿಡಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು.

"ಹೋಯ್ತಾ?" ಅಂತ ಕೇಳಿದರು.