ಗಡಿ ದಾಟದ ರಿವಾಲ್ವರ್

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ಚಹಾಕ್ಕೆ ಸಕ್ಕರೆ ಹುಡುಕುತ್ತಿದ್ದ ನನ್ನ ಕೈಗೆ ನಮ್ಮದಲ್ಲದ ಸ್ಟೀಲ್ ಡಬ್ಬಿಯೊಂದು ಸಿಕ್ಕಿತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಕಾಳವ್ವ’ ಎಂದು ಕೊರೆದಿತ್ತು.

“ಆಚಾರರ ಮನೀದು. ಶೇಂಗಾದ ಉಂಡಿ ಹಾಕಿ ಕೊಟ್ಟಾರ. ಮುಂದಿನ ಸಲ ಹೋದಾಗ ಕೊಡಬೇಕು,” ಎಂದಿದ್ದ ನನ್ನ ಗಂಡ ಶಾಂತವೀರ. ಮುಂದಿನ ಸಲ ಹೋಗಲು ಅವನಿರಲಿಲ್ಲ.

ಆಚಾರರ ಊರು ಗಡಿಯಾಚೆ, ನಾವು ಬಿಟ್ಟುಬಂದ ರಾಜ್ಯದಲ್ಲಿತ್ತು. ಮೌನೇಶಾಚಾರ್ ಅಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದರು. ತೀರಿಹೋದ ನನ್ನ ಮಾವನವರ ಗೆಳೆಯರು. ನಾಲ್ಕು ವರ್ಷದ ಹಿಂದೆ ವರ್ಗವಾಗಿ ಈಚೆಗೆ ಬರುವಾಗ ಮಾವನವರ ರಿವಾಲ್ವರನ್ನು ತರುವಂತಿರಲಿಲ್ಲ. ಅದರ ಲೈಸೆನ್ಸು ಆ ರಾಜ್ಯದೊಳಗೆ ಮಾತ್ರ ನಡೆಯುತ್ತಿತ್ತು. ಅಲ್ಲಿಯ ಕಚೇರಿಯ ಒಪ್ಪಿಗೆ, ಇಲ್ಲಿಯ ಕಚೇರಿಯ ನೋಂದಣಿ ಎರಡೂ ಆಗುವ ತನಕ ಅದು ಆಚಾರರ ಕಬ್ಬಿಣದ ಕಪಾಟಿನಲ್ಲಿರಬೇಕಿತ್ತು.

ಸಾಮಾನು ಕಟ್ಟುವ ದಿನ ನಾನು ಬಾಯಿತಪ್ಪಿ ಅಂದುಬಿಟ್ಟೆ: “ಅದು ಬಂದರ ಹೊಸ ಮನ್ಯಾಗ ನನಗ ನಿದ್ದಿ ಬರೂದಿಲ್ಲ.” ಅವನಿಗೆ ಉಳಿದಿದ್ದ ತಂದೆಯ ವಸ್ತು ಅದೊಂದೇ. ನಾಚಿಕೆಯಾಗಿ ಮರುದಿನ ಅರ್ಜಿಯನ್ನು ನಾನೇ ತುಂಬಿದೆ. ಆಯುಧ ಏಕೆ ಬೇಕು ಎಂಬಲ್ಲಿ ‘ಆತ್ಮರಕ್ಷಣೆ’ ಎಂದು ಬರೆದೆ.

“ಯಾರಿಂದ, ನಿನ್ನಿಂದೇನು?” ಎಂದು ನಕ್ಕಿದ್ದ.

ಆಮೇಲೆ ಪ್ರತಿ ತಿಂಗಳ ಮೊದಲ ಶನಿವಾರ ಅವನು ಗಡಿಯಾಚೆಯ ಬಸ್ಸು ಹತ್ತುತ್ತಿದ್ದ. ಸಂಜೆ ಬಂದಾಗ ಕೈಗೆ ಎಣ್ಣೆಯ ವಾಸನೆ.

“ಫೈಲು ಎಲ್ಲಿತನಕ ಬಂತು?”

“ಸಾಹೇಬರ ಟೇಬಲ್ ಮ್ಯಾಲೆ ಅದ.”

“ಇನ್ನೂ?”

“ಟೇಬಲ್ ದೊಡ್ಡದದ.”

ಅವನು ಹೋದ ಮೇಲೆ ಆ ಊರಿನ ಠಾಣೆಯಿಂದ ನೋಟೀಸು ಬಂತು. ವಾರಸುದಾರಳಾದ ನಾನು ನನ್ನ ಹೆಸರಿಗೆ ಲೈಸೆನ್ಸು ಕೇಳಬೇಕು, ಇಲ್ಲವೇ ಆಯುಧವನ್ನು ಬಿಟ್ಟುಕೊಡಬೇಕು. ಅವನದೆಂಬ ಒಂದು ಅಂಗಿಗುಂಡಿಯನ್ನೂ ಬಿಡುವ ಮನಸ್ಸು ನನಗಿರಲಿಲ್ಲ. ಅವನು ನಾಲ್ಕು ವರ್ಷ ಅಲೆದ ಕೆಲಸವನ್ನು ನಾನು ಮುಗಿಸಬೇಕೆಂದುಕೊಂಡೆ. ಬರಿದಾದ ಡಬ್ಬಿ ಹಿಂತಿರುಗಿಸಬಾರದೆಂದು ಸಕ್ಕರೆ ತುಂಬಿಕೊಂಡು ಹೊರಟೆ.

“ಬಾರವ್ವಾ, ಕೂಡು,” ಎಂದು ಆಚಾರರು ಸ್ಟೂಲು ಎಳೆದರು. ಕಪಾಟಿನಿಂದ ಹಳದಿ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ರಿವಾಲ್ವರ್ ಮಿರಿಮಿರಿ ಮಿಂಚುತ್ತಿತ್ತು. “ಬಂದಾಗೆಲ್ಲ ಇಲ್ಲೇ ಕೂತು ಒರಸಾಂವ. ನನಗೂ ಮುಟ್ಟಗೊಡತಿರಲಿಲ್ಲ.”

“ಅವರ ಅರ್ಜಿ ಯಾವ ಕಚೇರಿಯೊಳಗದ ಹೇಳ್ರಿ. ನಾ ಮುಂದುವರಿಸತೀನಿ.”

ಆಚಾರರು ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದರು.

“ಇನ್ನೆಷ್ಟು ಮುಚ್ಚಿಡತೀರಿ? ಕೊಡ್ರಿ ಅತ್ಲಾಗ,” ಎಂದಳು ಕಾಳವ್ವ.

ಮೇಜಿನ ಖಾನೆಯಿಂದ ಒಂದು ಕಾಗದ ಬಂತು. ನನ್ನದೇ ಅಕ್ಷರ. ಸಹಿಯ ಜಾಗ ಖಾಲಿಯಿತ್ತು.

“ಕೊಟ್ಟೇ ಇಲ್ಲವ್ವಾ. ‘ಅರ್ಜಿ ಹಾಕಿದರ ಮಂಜೂರಾಗಿಬಿಡತದ ಕಾಕಾ, ಆಕಿಗೆ ನಿದ್ದಿ ಬರೂದಿಲ್ಲ’ ಅಂದ. ಹಂಗಾದರ ಮಾರಿಬಿಡೋ ಅಂದೆ. ‘ಅಪ್ಪನ್ನ ಹ್ಯಾಂಗ ಮಾರಲಿ?’ ಅಂದ. ಹೋಗ್ಲಿ, ಆಕಿಗರೆ ಖರೆ ಹೇಳು ಅಂದರ, ‘ತನ್ನಿಂದಾತು ಅಂತ ಕೊರಗತಾಳ’ ಅಂದ.”

ಅವನು ಹೋದಾಗಿನಿಂದ ನಾನು ಅತ್ತಿರಲಿಲ್ಲ. ಆಗಲೂ ಅಳು ಬರಲಿಲ್ಲ. ಸಾಹೇಬರ ಆ ದೊಡ್ಡ ಟೇಬಲ್ ನೆನಪಾಗಿ ನಗು ಬಂತು. ನಾಲ್ಕು ವರ್ಷ ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡಿದ್ದೆ!

ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದೆ. ಆಚಾರರು ಬಟ್ಟೆಯನ್ನು ಮೊದಲಿನ ಮಡಿಕೆಯಲ್ಲೇ ಸುತ್ತಿದರು.

ಏಳುವಾಗ ಡಬ್ಬಿ ನೆನಪಾಯಿತು. ಕಾಳವ್ವ ಮುಚ್ಚಳ ತೆಗೆದು ನೋಡಿದಳು.

“ಅಂವಾನೂ ಹಿಂಗ. ಒಂದು ಸಲಾನೂ ಬರಿದು ತಂದಾಂವಲ್ಲ,” ಎಂದಳು. ಅವನಿದ್ದಾಗ ನಮ್ಮ ಮನೆಯ ಸಕ್ಕರೆ ತಿಂಗಳ ಮೊದಲಿಗೇ ತಳ ಕಾಣುತ್ತಿದ್ದುದು ಏಕೆಂದು ನನಗೆ ಆಗ ಹೊಳೆಯಿತು.

ಒಳಗೆ ಹೋಗಿ ಸಕ್ಕರೆ ಸುರುವಿಕೊಂಡು ಬಂದ ಆಕೆ, ಡಬ್ಬಿಯ ಮೂಲೆಯಲ್ಲಿ ಉಳಿದಿದ್ದ ನಾಲ್ಕು ಹರಳುಗಳನ್ನು ಬೆರಳಿನಿಂದ ಬಿಡಿಸಿ, “ಬರಿಗೈಲೆ ಹೋಗಬಾರದು,” ಎಂದು ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿದಳು.